ಸರಾಸರಿಯ ಲೆಕ್ಕ ಮತ್ತು ಹಿತ್ತಲಿನ ಶೆಡ್ಡು

ರಾಜ್ಯದ ಆರ್ಥಿಕ ಸಮೀಕ್ಷೆಯ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರದ ಬೆನ್ನಿಗೇ ದಕ್ಷಿಣ ಕನ್ನಡದ ಹೆಸರು ಕಂಡರೆ ನಮಗೆಲ್ಲ ಸ್ವಲ್ಪ ಹೆಮ್ಮೆಯೇ. ಹಾವೇರಿ ರಾಜ್ಯದ ಸರಾಸರಿಗಿಂತ ಎಷ್ಟೋ ಕೆಳಗಿದೆ. ಅದು ಘಟ್ಟದ ಮೇಲಿನ ಸಂಗತಿ, ನಮಗೆಂತ ಅಂತ ಪೇಪರ್ ಮಡಚಿ ಇಡುತ್ತೇವೆ.

ಆದರೆ ಮಂಗಳೂರಿನಲ್ಲಿ ಫ್ಲಾಟ್ ಕಟ್ಟುವ ಜಾಗಕ್ಕೆ ಹೋಗಿ ನೋಡಿ. ಕಾಂಕ್ರೀಟ್ ಹೊರುವವರನ್ನು ಊರು ಯಾವುದು ಎಂದು ಕೇಳಿದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹೆಸರುಗಳೂ ಸಿಗುತ್ತವೆ. ನಮ್ಮ ಬಾಯಲ್ಲಿ ಎಲ್ಲರೂ ಒಂದೇ, 'ಘಟ್ಟದವರು'. ಸವಣೂರು ಒಂದು ಕಾಲಕ್ಕೆ ನವಾಬರ ಸಂಸ್ಥಾನ, ಶಿಶುನಾಳ ಶರೀಫರು ಹುಟ್ಟಿದ್ದು ಶಿಗ್ಗಾಂವಿ ತಾಲೂಕಿನಲ್ಲಿ. ಮಳೆಯನ್ನೇ ನಂಬಿದ ಗೋವಿನಜೋಳ, ಹತ್ತಿ ಕೈಕೊಟ್ಟ ವರ್ಷ ಆ ಊರುಗಳ ಸಣ್ಣ ರೈತ ಗಂಟುಮೂಟೆ ಕಟ್ಟಿ ಘಟ್ಟ ಇಳಿಯುತ್ತಾನೆ.

ಈ ತಲಾ ಆದಾಯ ಎಂಬುದು ಯಾರ ಮನೆಗೂ ಬಂದ ಹಣ ಅಲ್ಲ. ಜಿಲ್ಲೆಯೊಳಗೆ ಒಂದು ವರ್ಷದಲ್ಲಿ ಆದ ಉತ್ಪಾದನೆಯ ಬೆಲೆಯನ್ನು ಜನಸಂಖ್ಯೆಯಿಂದ ಭಾಗಿಸಿದ ಲೆಕ್ಕ ಅದು. ಎಂಆರ್‌ಪಿಎಲ್, ಪಣಂಬೂರಿನ ಬಂದರು, ಬ್ಯಾಂಕು, ಆಸ್ಪತ್ರೆ, ಕಾಲೇಜು ಎಲ್ಲ ಅದರಲ್ಲಿ ಉಂಟು. ಜುಬೈಲಿನಿಂದ ಮಗ ಉಮ್ಮನಿಗೆ ಕಳಿಸುವ ಹಣ ಅದರಲ್ಲಿ ಇಲ್ಲ, ಯಾಕೆಂದರೆ ಅವನು ದುಡಿದದ್ದು ಸೌದಿಯ ಲೆಕ್ಕಕ್ಕೆ. ಹಾಗೆಯೇ ಹಾನಗಲ್ಲಿನವ ಇಲ್ಲಿ ಬೆವರು ಸುರಿಸಿದ್ದು ದಕ್ಷಿಣ ಕನ್ನಡದ ಲೆಕ್ಕಕ್ಕೆ ಸೇರುತ್ತದೆ. ಅವನ ಜಿಲ್ಲೆ ಪಟ್ಟಿಯ ಕೆಳಗೇ ಉಳಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. ರಾಜ್ಯದ ತಲಾ ಆದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ. ಐದು ಜನರ ಮನೆಗೆ 15 ಲಕ್ಷ ಆಯಿತಲ್ಲ! ಅದೇ ಸರಕಾರ ಬಿಪಿಎಲ್ ಕಾರ್ಡಿಗೆ ಇಟ್ಟ ಮಿತಿ ಇಡೀ ಮನೆಗೆ ವರ್ಷಕ್ಕೆ 1.20 ಲಕ್ಷ. ಆ ಕಾರ್ಡು ಹಿಡಿದ ಕುಟುಂಬಗಳು ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು. ಅನರ್ಹರೂ ಇದ್ದಾರೆ, ಒಪ್ಪೋಣ. ಎಲ್ಲರೂ ಸುಳ್ಳರು ಎನ್ನಲು ಸಾಧ್ಯವೇ? 15 ಲಕ್ಷದ ಸರಾಸರಿ ಯಾರದ್ದೋ ಕೋಟಿಯನ್ನು ಇವರ ಲಕ್ಷದ ಜೊತೆ ಕಲಸಿ ಮಾಡಿದ್ದು.

ಬೆಂಗಳೂರಿನ ದೊಡ್ಡವರನ್ನು ಬೈಯುವುದು ಸುಲಭ. ನಮ್ಮದೇ ಹಿತ್ತಲಿನ ಮಾತು ಕಷ್ಟ. ಗಲ್ಫಿನಲ್ಲಿ ಒಂದು ರೂಮಿಗೆ ಎಂಟು ಮಂಚ ಹಾಕಿದ್ದನ್ನು, ಮೂರು ತಿಂಗಳ ಸಂಬಳ ಹಿಡಿದಿಟ್ಟದ್ದನ್ನು ನಮ್ಮ ಗಂಡಸರು ಎಷ್ಟು ಸಲ ಹೇಳಿ ಕಣ್ಣೀರು ಹಾಕಿಲ್ಲ? ಅದೇ ದುಡಿಮೆಯಲ್ಲಿ ಕಟ್ಟಿಸಿದ ಮನೆಯ ಹಿಂದಿನ ತಗಡಿನ ಶೆಡ್ಡನ್ನು ನಾವು ಎಂಟು ಜನರಿಗೆ, ತಲೆಗೆ ಇಷ್ಟು ಎಂದು ಬಾಡಿಗೆಗೆ ಕೊಡುತ್ತೇವೆ. ಒಂದು ಕಕ್ಕಸು, ನೀರು ಎರಡು ಗಂಟೆ. ಮೇಸ್ತ್ರಿ ಕೂಲಿ ಬಾಕಿ ಇಟ್ಟರೆ ಅದು ಅವರವರ ವ್ಯವಹಾರ ಎನ್ನುತ್ತೇವೆ. ಗೇಟಿನ ಬಳಿ ಆಡುವ ಅವರ ಮಗುವಿಗೆ ಶಾಲೆಯ ಪ್ರಾಯ ಆಯಿತಾ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಸವಣೂರಿನ ರೇಷನ್ ಕಾರ್ಡಿಗೆ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ, ಬೆರಳಚ್ಚು ಕೊಟ್ಟರಾಯಿತು. ಇದು ಗೊತ್ತಿಲ್ಲದೆ ಅಂಗಡಿಯಿಂದ ದುಡ್ಡು ಕೊಟ್ಟು ತರುವವರು ಇದ್ದಾರೆ. ಶೆಡ್ಡು ಬಾಡಿಗೆಗೆ ಕೊಟ್ಟವರು ಈ ತಿಂಗಳ ಬಾಡಿಗೆ ತರಲು ಹೋದಾಗ ಅಷ್ಟು ಹೇಳಿ ಬನ್ನಿ. ಹಾಗೇ ನೀರಿನ ನಳ್ಳಿಯನ್ನೂ ಒಮ್ಮೆ ತಿರುಗಿಸಿ ನೋಡಿ.