ಮನೆಯೇ ಕಚೇರಿಯಾದಾಗ ಕಿವಿಯ ಪಾಡು

2020ರ ಲಾಕ್‌ಡೌನಿನ ಬಳಿಕ ಮನೆಯೇ ಕಚೇರಿಯಾಗುವ ಪದ್ಧತಿ ನಮ್ಮ ಗಡಿನಾಡಿಗೂ ಬಂದಿದೆ. ಬೆಂಗಳೂರು, ಮಂಗಳೂರು, ಕೊಚ್ಚಿಗಳ ಸಂಸ್ಥೆಗಳಿಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಮನೆಗಳಲ್ಲೇ ಕುಳಿತು ದುಡಿಯುವ ಯುವಕ ಯುವತಿಯರಿದ್ದಾರೆ. ಹೆಡ್‌ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲವೆಂಬುದು ಇವರ ಸಾಮಾನ್ಯ ದೂರು. ಇದು ಪತ್ರಿಕೆಯಲ್ಲಿ ಬರೆಯಬೇಕಾದ ವಿಷಯವೇ ಎಂದು ಹಿರಿಯರು ಕೇಳಬಹುದು. ಖಂಡಿತವಾಗಿಯೂ ಹೌದೆಂದು ನಮ್ಮ ಅಭಿಪ್ರಾಯ.

ಮನೆಮಾತು ಅರೆಬರೆ ಕೇಳಿಸಿದರೂ ಉಳಿದುದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಆಮೇಲೆ ಕಲಿತ ಭಾಷೆಯಲ್ಲಿ ಈ ಅನುಕೂಲ ಕಡಿಮೆ. ಗದ್ದಲದ ನಡುವೆ ಎರಡನೆಯ ಭಾಷೆಯನ್ನು ಕೇಳುವವರು ಹೆಚ್ಚು ಎಡವುತ್ತಾರೆಂಬುದು ಸಂಶೋಧನೆಗಳಿಂದ ಸಿದ್ಧವಾದ ಸಂಗತಿ. ಕನ್ನಡ ಶಾಲೆಯಲ್ಲಿ ಕಲಿತು ದಿನವಿಡೀ ಇಂಗ್ಲಿಷ್, ಹಿಂದಿ, ಮಲಯಾಳಗಳಲ್ಲಿ ವ್ಯವಹರಿಸಬೇಕಾದ ನಮ್ಮ ಮಕ್ಕಳಿಗೆ ಆದ್ದರಿಂದಲೇ ಸ್ಪಷ್ಟ ಧ್ವನಿ ಇತರರಿಗಿಂತ ಹೆಚ್ಚು ಅಗತ್ಯ. ಮೂರು ಸಲ "ಇನ್ನೊಮ್ಮೆ ಹೇಳಿ" ಎಂದವನನ್ನು ಮೇಲಧಿಕಾರಿ ದಡ್ಡನೆಂದು ಬಗೆದರೆ, ತಪ್ಪು ಯಂತ್ರದ್ದು, ಶಿಕ್ಷೆ ಹುಡುಗನಿಗೆ!

ಇದಕ್ಕೆ ದುಬಾರಿ ಹೆಡ್‌ಫೋನ್ ಒಂದೇ ಪರಿಹಾರವಲ್ಲ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನ ಮೈಕನ್ನು ಬಳಸಿದೊಡನೆ ಅದು ಸಾಮಾನ್ಯವಾಗಿ ಸಂಗೀತದ ಮಟ್ಟದಿಂದ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಹಳೆಯ ಟೆಲಿಫೋನು ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಸಕಾರದಂಥ ಅಕ್ಷರಗಳ ಜೀವಾಳ ಬಹುಪಾಲು ಅದಕ್ಕಿಂತ ಮೇಲಿದೆ. ಕೇಳುವುದಕ್ಕೆ ಮಾತ್ರ ಹೆಡ್‌ಫೋನನ್ನು ಬಳಸಿ, ಮಾತಾಡುವುದಕ್ಕೆ ಕಂಪ್ಯೂಟರಿನ ಮೈಕನ್ನೋ ಬೇರೊಂದು ಮೈಕನ್ನೋ ಆರಿಸಿಕೊಂಡರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಸಾಧಾರಣ ಬೆಲೆಯ ತಂತಿಯ ಹೆಡ್‌ಸೆಟ್ ಇನ್ನೂ ಸುಲಭದ ದಾರಿ. ಹರಿದ ಕಿವಿಮೆತ್ತೆಯನ್ನು ಬದಲಿಸಿ, ಜಾಲರಿಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದರೂ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಕೋಣೆ. ಬರಿಯ ಸಿಮೆಂಟು ಗೋಡೆ, ಟೈಲ್ಸಿನ ನೆಲ ಇವು ಮಾತನ್ನು ಮರುದನಿಗೊಳಿಸುತ್ತವೆ. ದಪ್ಪ ಪರದೆ, ಪುಸ್ತಕದ ಕಪಾಟು, ಹಾಸಿಗೆ ಇರುವ ಕೋಣೆ ಮೇಲು. ಗದ್ದಲ ಕಡಿಮೆ ಮಾಡುವ ಹೆಡ್‌ಫೋನುಗಳು ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ತಗ್ಗಿಸುತ್ತವೆಯೇ ಹೊರತು ಚಾವಡಿಯ ಮಾತುಕತೆಯನ್ನು ಅಷ್ಟಾಗಿ ಅಲ್ಲ. ಅದನ್ನು ತಗ್ಗಿಸಬೇಕಾದವರು ಮನೆಯವರೇ. ಮಗ ಕೆಲಸದಲ್ಲಿರುವಾಗ ಬಾಗಿಲು ಮುಚ್ಚಿಕೊಡುವ ಮನೆಗಳಲ್ಲಿ ಸೊಸೆ ಕೆಲಸದಲ್ಲಿರುವಾಗ ಮಿಕ್ಸಿಯ ಪಕ್ಕದಲ್ಲೇ ಕೂರಬೇಕಾಗುವುದು ನ್ಯಾಯವಲ್ಲ.

ಆಟಿಯ ಮಳೆ ತಗಡಿನ ಮಾಡಿನ ಮೇಲೆ ಬಡಿಯುವಾಗ ಧ್ವನಿಯನ್ನು ಏರಿಸುತ್ತ ಹೋಗುವುದು ಎಲ್ಲಕ್ಕಿಂತ ಅಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಕೇವಲ 4 ಗಂಟೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಹೆಡ್‌ಫೋನು ಕೆಟ್ಟರೆ ಪೇಟೆಯಲ್ಲಿ ಇನ್ನೊಂದು ಸಿಕ್ಕೀತು, ಕಿವಿ ಸಿಗದು.

ಮನೆಯಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳು ಮೇಜು ಕುರ್ಚಿಗಳ ಖರ್ಚನ್ನು ಉಳಿಸಿಕೊಂಡಿವೆ. ಒಂದು ಒಳ್ಳೆಯ ಹೆಡ್‌ಸೆಟ್ಟನ್ನಾದರೂ ಒದಗಿಸುವುದು ಅವುಗಳ ಹೊಣೆ. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದವರಿಗಾಗಿ ಪಂಚಾಯತ್ ಗ್ರಂಥಾಲಯಗಳು, ನಮ್ಮ ಕನ್ನಡ ಸಂಘಗಳು ಹಗಲು ಖಾಲಿ ಬಿದ್ದಿರುವ ಒಂದು ಕೊಠಡಿಯನ್ನು ತೆರೆದಿಡಬಾರದೇಕೆ? ವರ್ಷಕ್ಕೊಂದು ಉತ್ಸವ ನಡೆಸುವುದರ ಜೊತೆಗೆ ಇಂಥದನ್ನೂ ಭಾಷಾ ಸೇವೆಯೆಂದು ಎಣಿಸಬೇಕು. ಅನ್ನ ಹುಟ್ಟುವ ಊರಿನಲ್ಲಿ ಮಕ್ಕಳು ಉಳಿದಾರು. ಮಕ್ಕಳು ಉಳಿದರೆ ತಾನೇ ಇಲ್ಲಿ ಕನ್ನಡ ಉಳಿಯುವುದು?