ನೆರೆಯವನು ಯಾರು?

ಧರ್ಮಪೀಠಕ್ಕೂ ರಾಜಪೀಠಕ್ಕೂ ಕಲಹವೆಂಬುದು ಕ್ರೈಸ್ತ ಜಗತ್ತಿನ ಇತಿಹಾಸದಲ್ಲಿ ಹೊಸ ಸಂಗತಿಯಲ್ಲ. 1077ನೆಯ ಇಸವಿಯ ಚಳಿಗಾಲದಲ್ಲಿ ಜರ್ಮನಿಯ ಅರಸನಾದ ನಾಲ್ಕನೆಯ ಹೆನ್ರಿಯು ಪೋಪರ ಕ್ಷಮೆಯನ್ನು ಬೇಡಿ ಕನೊಸ್ಸಾ ಕೋಟೆಯ ಹೊರಗೆ ಹಿಮದಲ್ಲಿ ಕಾದು ನಿಂತ ಕಥೆಯನ್ನು ಇತಿಹಾಸವನ್ನೋದಿದ ವಾಚಕರೆಲ್ಲರೂ ಬಲ್ಲರು. ಬಿಷಪ್ಪರನ್ನು ನೇಮಿಸುವ ಹಕ್ಕು ಯಾರದೆಂಬುದು ಅಂದಿನ ಜಗಳದ ಮೂಲ. ಎಂದರೆ ಅದು ಅಧಿಕಾರದ ಜಗಳ. 2025ನೆಯ ಇಸವಿಯಲ್ಲಿ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಸರಕಾರಕ್ಕೂ ಕ್ಯಾಥೊಲಿಕ ಧರ್ಮಾಧಿಕಾರಿಗಳಿಗೂ ಎದ್ದ ವಾದವು ಬೇರೊಂದು ಬಗೆಯದು. ಪ್ರೀತಿಸುವುದರಲ್ಲಿ ಯಾರಿಗೆ ಮೊದಲ ಪಾಲು, ಯಾರಿಗೆ ಕೊನೆಯ ಪಾಲು, ಯಾರಿಗೆ ಏನೂ ಇಲ್ಲ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು.

ನಡೆದುದಿಷ್ಟು. ಆ ವರ್ಷದ ಜನವರಿ 20ರಂದು ಡೊನಾಲ್ಡ್ ಟ್ರಂಪರು ಎರಡನೆಯ ಸಲ ಅಧ್ಯಕ್ಷ ಪದವಿಯನ್ನೇರಿದ ದಿನವೇ, ನಿರಾಶ್ರಿತರನ್ನು ದೇಶದೊಳಗೆ ನೆಲೆಗೊಳಿಸುವ ಯೋಜನೆಯನ್ನು ತಡೆಹಿಡಿಯುವ ಆಜ್ಞೆ ಹೊರಟಿತು. ಪರವಾನಗಿಯಿಲ್ಲದೆ ನೆಲೆಸಿರುವವರನ್ನು ದೊಡ್ಡ ಸಂಖ್ಯೆಯಲ್ಲಿ ಹೊರಗಟ್ಟುವ ಕಾರ್ಯಕ್ಕೆ ಸನ್ನಾಹವಾಯಿತು. ಚರ್ಚು, ಶಾಲೆ, ಆಸ್ಪತ್ರೆಗಳ ಆವರಣದಲ್ಲಿ ಅಂಥವರನ್ನು ಹಿಡಿಯಲು ಅದುವರೆಗಿದ್ದ ನಿರ್ಬಂಧವೂ ತೆಗೆದುಹಾಕಲ್ಪಟ್ಟಿತು. ಬಿಷಪ್ಪರು ಇದನ್ನು ಆಕ್ಷೇಪಿಸಿದರು. ಆಗ ಉಪಾಧ್ಯಕ್ಷರಾದ ಜೆ. ಡಿ. ವ್ಯಾನ್ಸರು, ತಾವೇ ಕ್ಯಾಥೊಲಿಕರಾಗಿದ್ದೂ, ಈ ಬಿಷಪ್ಪರಿಗೆ ಸರಕಾರದಿಂದ 10 ಕೋಟಿ ಡಾಲರಿಗೂ ಮಿಕ್ಕಿ ಹಣ ಸಂದಿದೆ, ಇವರ ಚಿಂತೆಯು ದೀನರದೋ ತಮ್ಮ ಆದಾಯದ್ದೋ ಎಂದು ಬಹಿರಂಗವಾಗಿ ಕೇಳಿದರು. ನ್ಯೂಯಾರ್ಕಿನ ಕಾರ್ಡಿನಲ್ ಡೋಲನ್ನರು ಟ್ರಂಪರ ಪದಗ್ರಹಣದಲ್ಲಿ ಪ್ರಾರ್ಥನೆ ಸಲ್ಲಿಸಿದ್ದವರು. ಅವರೇ ಈ ಮಾತನ್ನು ನೀಚವಾದುದೆಂದು ಖಂಡಿಸಬೇಕಾಯಿತು.

ಇದಾದ ಕೆಲವೇ ದಿನಗಳಲ್ಲಿ ವ್ಯಾನ್ಸರು ಶಾಸ್ತ್ರವನ್ನೇ ತೆಗೆದರು. ಮೊದಲು ಕುಟುಂಬ, ಆಮೇಲೆ ನೆರೆಯವನು, ಆಮೇಲೆ ಊರು, ಆಮೇಲೆ ಸ್ವದೇಶ ಬಾಂಧವರು, ಇವೆಲ್ಲ ಆದ ತರುವಾಯ ಉಳಿದ ಪ್ರಪಂಚ. ಇದೇ ಕ್ರೈಸ್ತರ ಹಳೆಯ ಬೋಧೆಯೆಂದರು. ಇದಕ್ಕೆ 'ಓರ್ಡೋ ಅಮೋರಿಸ್', ಎಂದರೆ ಪ್ರೀತಿಯ ಕ್ರಮ, ಎಂಬ ಲ್ಯಾಟಿನ್ ಹೆಸರನ್ನೂ ಎತ್ತಿ ತೋರಿಸಿದರು.

ಮೇಲುನೋಟಕ್ಕೆ ಇದರಲ್ಲಿ ತಪ್ಪೇನು? ರಾಷ್ಟ್ರೀಯರಾದ ನಮಗೆ ಈ ಮಾತು ಅಪರಿಚಿತವೂ ಅಲ್ಲ, ಅಪ್ರಿಯವೂ ಅಲ್ಲ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ನಮ್ಮ ಜನರು ಹಾಸ್ಯಮಾಡುವುದು ಇಂಥ ಕ್ರಮವನ್ನು ಮರೆತವನನ್ನೇ. 1916ರ ಫೆಬ್ರವರಿ 14ರಂದು ಮದ್ರಾಸಿನಲ್ಲಿ ಮಹಾತ್ಮಾ ಗಾಂಧಿಯವರು ಸ್ವದೇಶಿಯ ತತ್ತ್ವವನ್ನು ವಿವರಿಸಿದಾಗ, ದೂರದ್ದನ್ನು ಬಿಟ್ಟು ಹತ್ತಿರದ ನೆರೆಹೊರೆಯ ಸೇವೆಯಲ್ಲಿ ತೊಡಗುವ ಭಾವನೆಯೇ ಸ್ವದೇಶಿಯೆಂಬ ಅಭಿಪ್ರಾಯವನ್ನು ಮುಂದಿಟ್ಟರು. ಅವರೆದುರು ಕುಳಿತಿದ್ದ ಶ್ರೋತೃಗಳು ಕ್ರೈಸ್ತ ಮಿಶನರಿಗಳ ಪರಿಷತ್ತಿನವರು. ಸಪ್ತಸಾಗರಗಳಾಚೆಯಿಂದ ಪರೋಪಕಾರಕ್ಕೆಂದು ಬಂದಿದ್ದ ಅವರ ಮುಂದೆ ಹತ್ತಿರದವರ ಸೇವೆಯ ಮಹಿಮೆಯನ್ನು ಹೇಳುವ ಧೈರ್ಯ ಗಾಂಧಿಯವರಿಗಲ್ಲದೆ ಬೇರೆ ಯಾರಿಗಿದ್ದೀತು? ಆದರೆ ಅವರೇ ಅನಂತರದ ಬರೆಹಗಳಲ್ಲಿ ಈ ತತ್ತ್ವಕ್ಕೆ ಒಂದು ಬೇಲಿಯನ್ನೂ ಹಾಕಿದರು. ಹತ್ತಿರದವನ ನಿರ್ಮಲವಾದ ಸೇವೆಯಿಂದ ದೂರದವನಿಗೆ ಹಾನಿಯಾಗದು; ಹಾನಿಯಾಗುವುದಾದರೆ ಅದು ಸೇವೆಯಲ್ಲ, ಸ್ವಾರ್ಥ. ಈ ಬೇಲಿಯನ್ನು ಕಿತ್ತೆಸೆದರೆ ಸ್ವದೇಶಿಯೂ ನಿಲ್ಲದು, ಪ್ರೀತಿಯ ಕ್ರಮವೂ ನಿಲ್ಲದು.

ಕ್ಯಾಥೊಲಿಕ ಶಾಸ್ತ್ರಕಾರರು ಹೇಳಿದ್ದಾದರೂ ಏನು? ವ್ಯಾನ್ಸರು ಮತಾಂತರದ ಕಾಲದಲ್ಲಿ ತಮ್ಮ ಪೋಷಕ ಸಂತರನ್ನಾಗಿ ಆರಿಸಿಕೊಂಡ ಸಂತ ಅಗಸ್ಟೀನರು, ಎಲ್ಲರನ್ನೂ ಸಮನಾಗಿ ಪ್ರೀತಿಸಬೇಕು, ಎಲ್ಲರಿಗೂ ಉಪಕಾರಮಾಡುವ ಶಕ್ತಿ ಮನುಷ್ಯನಿಗಿಲ್ಲವಾದುದರಿಂದ ಕಾಲದೇಶಗಳ ಯೋಗದಿಂದ ಯಾರು ನಮಗೆ ಹತ್ತಿರ ಬಿದ್ದಿರುವರೋ ಅವರ ಕಡೆಗೆ ವಿಶೇಷ ಗಮನವಿರಲಿ ಎಂದು ಬೋಧಿಸಿದರು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಬಂಧುಗಳಿಗೂ ಸ್ವದೇಶೀಯರಿಗೂ ಮೊದಲ ಸ್ಥಾನವನ್ನು ಕೊಟ್ಟದ್ದು ನಿಜ. ಅದನ್ನು ಮುಚ್ಚಿಡುವವರೂ ಸತ್ಯಕ್ಕೆ ದೂರರು. ಆದರೆ ಅದೇ ಗ್ರಂಥದಲ್ಲಿ, ಪ್ರಾಣಾಂತಿಕವಾದ ಕೊರತೆಯಲ್ಲಿರುವ ಅಪರಿಚಿತನೊಬ್ಬನು ಎದುರಾದರೆ, ಅಷ್ಟು ಕಷ್ಟದಲ್ಲಿಲ್ಲದ ಸ್ವಂತ ತಂದೆಗಿಂತಲೂ ಮೊದಲು ಅವನಿಗೆ ನೆರವಾಗಬೇಕೆಂದು ಅವರೇ ಹೇಳಿರುವರು. ಉಳ್ಳವನಲ್ಲಿ ಮಿಕ್ಕಿರುವ ಪದಾರ್ಥವು ನಿಸರ್ಗಧರ್ಮದಂತೆ ಬಡವನಿಗೆ ಸಲ್ಲತಕ್ಕದ್ದೆಂದೂ ಬರೆದಿರುವರು. ಎಂದರೆ ದಾನವು ಕೊಡುವವನ ಔದಾರ್ಯವಷ್ಟೇ ಅಲ್ಲ, ತೀರಿಸಬೇಕಾದ ಋಣ. ಕ್ರಮವೆಂಬುದು ಎಲ್ಲಿಂದ ಕೊಡತೊಡಗಬೇಕೆಂಬುದನ್ನು ತಿಳಿಸುವ ಸೂತ್ರ. ಎಲ್ಲಿಗೆ ಬಾಗಿಲು ಹಾಕಬೇಕೆಂಬುದನ್ನು ಅದು ಹೇಳುವುದಿಲ್ಲ.

2025ರ ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸರು ಅಮೆರಿಕೆಯ ಬಿಷಪ್ಪರಿಗೆ ಬರೆದ ಪತ್ರವು ಇದನ್ನೇ ಎತ್ತಿ ಹಿಡಿಯಿತು. ಘೋರ ಅಪರಾಧಗಳನ್ನು ಮಾಡಿದವರಿಂದ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕುಂಟೆಂದು ಅವರು ಒಪ್ಪಿದರು. ಆದರೆ ಬಡತನ, ಭೀತಿ, ಹಿಂಸೆಗಳಿಗೆ ಅಂಜಿ ತಾಯ್ನಾಡನ್ನು ಬಿಟ್ಟವರನ್ನು ಹೊರಗಟ್ಟುವುದು ಮಾನವಗೌರವಕ್ಕೆ ಪೆಟ್ಟೆಂದೂ, ಪ್ರೀತಿಯ ನಿಜವಾದ ಕ್ರಮವನ್ನು ತಿಳಿಯಬೇಕಾದರೆ ಸಮಾರ್ಯದವನ ದೃಷ್ಟಾಂತವನ್ನು ಮನನಮಾಡಬೇಕೆಂದೂ ಬರೆದರು.

ಆ ದೃಷ್ಟಾಂತವು ಕ್ರೈಸ್ತೇತರರಾದ ನಮಗೂ ಗೊತ್ತಿರುವುದೇ. ಜೆರೂಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ದಾಟಿ ಹೋದರು. ಅವರಿಗೂ ತಮ್ಮ ತಮ್ಮ ಪ್ರೀತಿಯ ಕ್ರಮ ಇದ್ದಿರಬೇಕು. ಮನೆಯಲ್ಲಿ ಹೆಂಡತಿ ಮಕ್ಕಳು ಕಾದಿದ್ದಿರಬಹುದು! ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬನು ನಿಂತು, ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚಿಗೂ ಹಣವಿಟ್ಟು ಹೋದನು. ನನ್ನ ನೆರೆಯವನು ಯಾರೆಂದು ಕೇಳಿದ ಶಾಸ್ತ್ರಿಗೆ ಯೇಸುವು ಪ್ರಶ್ನೆಯನ್ನೇ ತಿರುವಿ ಹಾಕಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಕೇಳಿದನು. ನಮ್ಮ ಕನ್ನಡದಲ್ಲಿ 'ಪರದೇಶಿ' ಎಂಬ ಒಂದೇ ಮಾತು ಬೇರೆ ನಾಡಿನವನಿಗೂ ದಿಕ್ಕಿಲ್ಲದವನಿಗೂ ಸಲ್ಲುತ್ತದೆ. ಈ ಮಾತನ್ನು ಬೆಳೆಸಿದವರು ದೇಶ ಬಿಟ್ಟವನ ಪಾಡನ್ನು ಕಣ್ಣಾರೆ ಕಂಡವರೇ ಆಗಿರಬೇಕು.

ಪೋಪರ ಪತ್ರಕ್ಕೆ ಮಾರನೆಯ ದಿನವೇ ಉತ್ತರ ಬಂದಿತು. ಗಡಿಯ ಮೇಲ್ವಿಚಾರಣೆಯ ಅಧಿಕಾರವನ್ನು ಹೊಂದಿದ್ದ ಟಾಮ್ ಹೋಮನ್ನರು, ಇವರೂ ಕ್ಯಾಥೊಲಿಕರೇ, ಪೋಪರು ತಮ್ಮ ಧರ್ಮಸಂಸ್ಥೆಯನ್ನು ನೆಟ್ಟಗೆ ಮಾಡಿಕೊಳ್ಳಲಿ, ವ್ಯಾಟಿಕನ್ನಿಗೂ ಗೋಡೆಯಿಲ್ಲವೇ ಎಂದರು. ಗೋಡೆಯುಂಟು. 846ರಲ್ಲಿ ಸರಾಸೆನರು ಸಮುದ್ರಮಾರ್ಗವಾಗಿ ಬಂದು ಸಂತ ಪೇತ್ರನ ದೇವಾಲಯವನ್ನು ಸೂರೆಗೊಂಡ ತರುವಾಯ ನಾಲ್ಕನೆಯ ಲಿಯೋ ಎಂಬ ಪೋಪನು ಅದನ್ನು ಕಟ್ಟಿಸಿದನು; ಅದು ದಂಡಿಗೆ ಎದುರಾಗಿ ಎದ್ದ ಗೋಡೆ, ಕೂಲಿಗೆಂದು ಬಂದವರಿಗೆ ಎದುರಾಗಿ ಅಲ್ಲ. ಆದರೆ ಧರ್ಮಸಂಸ್ಥೆಯನ್ನು ನೆಟ್ಟಗೆ ಮಾಡಿಕೊಳ್ಳಲೆಂಬ ಮೊದಲನೆಯ ಮಾತನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪಾದ್ರಿಗಳಿಂದ ಕೆಟ್ಟ ಮಕ್ಕಳ ದೂರುಗಳನ್ನು ತೀರಿಸಲು ಲಾಸ್ ಏಂಜಲೀಸಿನ ಧರ್ಮಪ್ರಾಂತವೊಂದೇ 2024ರ ಅಕ್ಟೋಬರಿನಲ್ಲಿ 88 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಇಂಥ ಕಲಂಕವನ್ನು ಹೊತ್ತ ಸಂಸ್ಥೆಯು ಅರಸರಿಗೆ ನೀತಿಯನ್ನು ಹೇಳುವಾಗ ಕೇಳುವವರು ನಗುವುದು ಸಹಜ. ಹೇಳುವವನ ದೋಷದಿಂದ ಹೇಳಿದ ಮಾತು ಸುಳ್ಳಾಗುವುದಿಲ್ಲ ಎಂಬುದೂ ಅಷ್ಟೇ ಸಹಜ.

ಇದೆಲ್ಲವೂ ನಮಗೆ ಸಂಬಂಧಿಸಿದ್ದೇ ಎಂದು ಕೇಳುವ ವಾಚಕರಿಗೆ ಅದೇ ತಿಂಗಳ ಇನ್ನೊಂದು ದಿನವನ್ನು ನೆನಪಿಸುತ್ತೇವೆ. ಪೋಪರ ಪತ್ರಕ್ಕೆ ಐದು ದಿನ ಮುಂಚೆ, ಫೆಬ್ರವರಿ 5ರಂದು, ಅಮೆರಿಕೆಯ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಕೈಗೆ ಕೋಳ, ಕಾಲಿಗೆ ಸಂಕೋಲೆ ತೊಡಿಸಿ ಅವರನ್ನು ತಂದಿದ್ದರು. ಇವರಲ್ಲಿ ಅನೇಕರು ಹೊಲ ಮಾರಿ, ಸಾಲ ಮಾಡಿ, ದಲ್ಲಾಳಿಗಳ ಕೈಗೆ ಹಣ ಸುರಿದು ಹೋದವರು. ಕಾಯಿದೆಯನ್ನು ಮುರಿದದ್ದು ತಪ್ಪೇ. ಅವರನ್ನು ಹಿಂದಿರುಗಿಸುವ ಹಕ್ಕು ಆ ದೇಶಕ್ಕುಂಟು. ಆದರೆ ಸಂಕೋಲೆ ಯಾತಕ್ಕೆ? ಮರುದಿನ ರಾಜ್ಯಸಭೆಯಲ್ಲಿ ನಮ್ಮ ವಿದೇಶಾಂಗ ಸಚಿವರು, ಇದು 2012ರಿಂದ ಜಾರಿಯಲ್ಲಿರುವ ಕ್ರಮ, ಹೆಂಗಸರಿಗೂ ಮಕ್ಕಳಿಗೂ ಅದು ಅನ್ವಯಿಸುವುದಿಲ್ಲವೆಂದು ತಿಳಿಸಿದರು. ಒಂದು ಪದ್ಧತಿಯು ಹಳೆಯದೆಂಬ ಕಾರಣದಿಂದಲೇ ಯೋಗ್ಯವಾಗುವುದಾದರೆ ನಮ್ಮ ದೇಶದಲ್ಲಿ ಯಾವ ಸುಧಾರಣೆಯೂ ಆಗುತ್ತಿರಲಿಲ್ಲ. ಸ್ವಂತ ಪ್ರಜೆಗಳ ಮಾನದ ವಿಷಯದಲ್ಲಿ ನಮ್ಮ ಸರಕಾರವು ಇದಕ್ಕಿಂತ ಗಟ್ಟಿಯಾದ ಮಾತನ್ನು ಅಂದೇ ಆಡಬೇಕಾಗಿತ್ತು.

ವ್ಯಾನ್ಸರ ಲೆಕ್ಕದಂತೆ ಈ 104 ಮಂದಿ ಪ್ರೀತಿಯ ಕೊನೆಯ ಸುತ್ತಿನವರು, ಉಳಿದ ಪ್ರಪಂಚಕ್ಕೆ ಸೇರಿದವರು. ಆದರೆ ಆ ಗಳಿಗೆಯಲ್ಲಿ ಅವರು ಇದ್ದುದೆಲ್ಲಿ? ಅಮೆರಿಕೆಯ ಅಧಿಕಾರಿಗಳ ಕೈಯೊಳಗೆ. ಬೀಗದ ಕೈ ಯಾರ ಜೇಬಿನಲ್ಲಿದೆಯೋ ಅವನಿಗಿಂತ ಹತ್ತಿರದ ನೆರೆಯವನು ಬಂದಿಗೆ ಬೇರೆ ಯಾರು? ಕಾಲದೇಶಗಳ ಯೋಗದಿಂದ ಹತ್ತಿರ ಬಿದ್ದವನೆಂದು ಅಗಸ್ಟೀನರು ಹೇಳಿದ್ದು ಇಂಥವನಿಗೇ ಅನ್ವಯಿಸುತ್ತದೆಯೆಂದು ನಮಗೆ ತೋರುತ್ತದೆ. ದೂರದ ನಾಡಿನ ಬಡವರನ್ನೆಲ್ಲ ಸಾಕಬೇಕೆಂದು ಅಮೆರಿಕೆಗೆ ಯಾರೂ ಹೇಳುತ್ತಿಲ್ಲ. ತನ್ನ ಕೈಗೆ ಸಿಕ್ಕವನನ್ನು ಮನುಷ್ಯನಂತೆ ಕಾಣಬೇಕೆಂಬುದಷ್ಟೇ ಬೇಡಿಕೆ.

ಇನ್ನು ಹಣದ ಮಾತು. ಸರಕಾರದ ಹಣವು ಬಿಷಪ್ಪರಿಗೆ ಬರುತ್ತಿದ್ದುದು ಸುಳ್ಳಲ್ಲ. 1980ರ ಕಾಯಿದೆಯಾದಂದಿನಿಂದ, ಸರಕಾರವೇ ವಿಚಾರಿಸಿ ಒಳಗೆ ಬಿಟ್ಟ ನಿರಾಶ್ರಿತರಿಗೆ ಮನೆ, ಕೆಲಸ, ಶಾಲೆಗಳನ್ನು ಹೊಂದಿಸಿಕೊಡುವ ಕೆಲಸವನ್ನು ಬಿಷಪ್ಪರ ಮಂಡಲಿಯು ಒಪ್ಪಂದದ ಮೇಲೆ ಮಾಡುತ್ತಿತ್ತು. ಬಂದ ಹಣವು ವೆಚ್ಚಕ್ಕೆ ಸಾಲದೆ ಕೈಯಿಂದಲೂ ಹಾಕುತ್ತಿತ್ತು. ಆದುದರಿಂದ ವ್ಯಾನ್ಸರ ಆರೋಪಕ್ಕೆ ನೆಲೆಯಿಲ್ಲ. ಆದರೂ ಅವರು ಅರಿಯದೆಯೇ ಒಂದು ನೋವಿನ ಜಾಗವನ್ನು ಮುಟ್ಟಿದರು. ಹಣ ನಿಂತಿತು. ಫೆಬ್ರವರಿಯಲ್ಲಿ ಮಂಡಲಿಯು ವಲಸಿಗರ ಸೇವಾವಿಭಾಗದಿಂದ 50 ಮಂದಿ ನೌಕರರನ್ನು ತೆಗೆಯಬೇಕಾಯಿತು. ಸರಕಾರದ ಮೇಲೆ ದಾವೆ ಹೂಡಿತು. ಎಪ್ರಿಲ್ 7ರಂದು ಆ ಒಪ್ಪಂದಗಳನ್ನು ಇನ್ನು ನವೀಕರಿಸುವುದಿಲ್ಲವೆಂದು ಸಾರಿತು. ದೇಶದ ಅತಿ ದೊಡ್ಡ ಕ್ರೈಸ್ತ ಸಂಘವೊಂದರ ಸೇವೆಯು ಸರಕಾರದ ಒಂದು ಸಹಿಗೆ ಕುಸಿಯುವಂತಿದ್ದರೆ ಅದರಲ್ಲಿ ಭಕ್ತರ ಪಾಲೆಷ್ಟು, ಅರಮನೆಯ ಹಂಗೆಷ್ಟು? ಈ ಪ್ರಶ್ನೆಯನ್ನು ಉಪಾಧ್ಯಕ್ಷರು ಕೇಳಿದ್ದು ದುರುದ್ದೇಶದಿಂದ. ಬಿಷಪ್ಪರು ತಮ್ಮನ್ನು ತಾವೇ ಬಹು ಹಿಂದೆ ಕೇಳಿಕೊಂಡಿದ್ದರೆ ಒಳ್ಳೆಯದಾಗುತ್ತಿತ್ತು.

ಅಮೆರಿಕೆಯ ಎರಡು ಪಕ್ಷಗಳೂ ಕ್ಯಾಥೊಲಿಕ ಬೋಧೆಯ ಒಂದೊಂದು ಅರ್ಧವನ್ನು ಹಿಡಿದುಕೊಂಡಿವೆ. ಗರ್ಭಪಾತದ ಹಕ್ಕನ್ನು ಎತ್ತಿ ಹಿಡಿದ ಅಧ್ಯಕ್ಷ ಬೈಡನ್ನರಿಗೆ ಪ್ರಸಾದವನ್ನು ನಿರಾಕರಿಸಬೇಕೆಂದು 2021ರಲ್ಲಿ ಕೆಲವು ಬಿಷಪ್ಪರು ಗದ್ದಲವೆಬ್ಬಿಸಿದಾಗ ಈಗಿನ ಆಳುವ ಪಕ್ಷದವರು ಚಪ್ಪಾಳೆ ತಟ್ಟಿದ್ದರು. 2025ರ ಮೇ 8ರಂದು ಆರಿಸಿ ಬಂದ ಪೋಪ್ ಹದಿನಾಲ್ಕನೆಯ ಲಿಯೋ ಚಿಕಾಗೋದಲ್ಲಿ ಹುಟ್ಟಿದವರು, ಅಗಸ್ಟೀನರ ಹೆಸರಿನ ಸಂನ್ಯಾಸಿ ಪಂಥಕ್ಕೇ ಸೇರಿದವರು. ಗರ್ಭಪಾತವನ್ನು ವಿರೋಧಿಸುತ್ತ ವಲಸಿಗರ ಮೇಲಣ ಅಮಾನುಷ ವರ್ತನೆಯನ್ನು ಒಪ್ಪುವವನು ಜೀವದ ಪರವೇ ಎಂದು ಅವರು ಸಪ್ಟಂಬರ್ ಕೊನೆಯಲ್ಲಿ ಕೇಳಿದಾಗ ಚಪ್ಪಾಳೆ ನಿಂತಿತು. ನವೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ನೆರೆದ ಬಿಷಪ್ಪರು, ವಿವೇಚನೆಯಿಲ್ಲದೆ ಜನರನ್ನು ಸಾಮೂಹಿಕವಾಗಿ ಹೊರಗಟ್ಟುವುದನ್ನು ವಿರೋಧಿಸುವ ವಿಶೇಷ ಸಂದೇಶವನ್ನು 216 ಮತಗಳಿಂದ ಅಂಗೀಕರಿಸಿದರು. ವಿರೋಧವಾಗಿ ಬಿದ್ದವು 5 ಮಾತ್ರ. ಪರಸ್ಪರ ಪಕ್ಷ ಕಟ್ಟಿ ಕಾದಾಡುತ್ತಿದ್ದ ಬಿಷಪ್ಪರು ಒಂದಾದದ್ದು ಈ ಒಂದು ವಿಷಯದಲ್ಲಿ.

ಮತಗಳ ಎಣಿಕೆಗಿಂತಲೂ ನಮ್ಮ ಮನಸ್ಸಿಗೆ ನಾಟುವುದು ಎರಡು ಸಣ್ಣ ಸಂಗತಿಗಳು. ಟೆಕ್ಸಸಿನ ಎಲ್ ಪಾಸೋ ಪಟ್ಟಣದಲ್ಲಿ ಗಡಿ ದಾಟಿ ಬಂದವರಿಗೆ ಅನ್ನ, ಹಾಸಿಗೆಗಳನ್ನು ಕೊಡುವ ಅನನ್ಸಿಯೇಷನ್ ಹೌಸ್ ಎಂಬ ಕ್ಯಾಥೊಲಿಕ ಛತ್ರವೊಂದು 1978ರಿಂದ ನಡೆಯುತ್ತ ಬಂದಿದೆ. ಅಕ್ರಮಿಗಳಿಗೆ ಆಶ್ರಯ ಕೊಟ್ಟಿತೆಂಬ ಆರೋಪದ ಮೇಲೆ ಅದನ್ನು ಮುಚ್ಚಿಸಲು ಆ ಸಂಸ್ಥಾನದ ಮಹಾನ್ಯಾಯವಾದಿಯು 2024ರಲ್ಲಿ ಮುಂದಾದನು. ಕೆಳಗಿನ ನ್ಯಾಯಾಲಯವು ತಡೆಯಿತು. 2025ರ ಮೇ ತಿಂಗಳಲ್ಲಿ ಟೆಕ್ಸಸಿನ ಶ್ರೇಷ್ಠ ನ್ಯಾಯಾಲಯವು ಆತನು ಮುಂದುವರಿಯಬಹುದೆಂದಿತು. ಸಮಾರ್ಯದವನು ಗಾಯಾಳುವನ್ನು ಒಯ್ದಿಟ್ಟದ್ದೂ ಒಂದು ಛತ್ರದಲ್ಲೇ. ಆ ಛತ್ರದ ಯಜಮಾನನ ಮೇಲೆ ಯಾರಾದರೂ ದಾವೆ ಹೂಡಿದರೆಂದು ಕಥೆಯಲ್ಲಿಲ್ಲ.

ಇನ್ನೊಂದು ಕ್ಯಾಲಿಫೋರ್ನಿಯದ್ದು. ಭಾನುವಾರದ ಪೂಜೆಗೆ ಹೋಗುವುದು ಕ್ಯಾಥೊಲಿಕರಿಗೆ ತಪ್ಪಿಸಬಾರದ ವಿಧಿ. 2025ರ ಜುಲೈ 8ರಂದು ಸ್ಯಾನ್ ಬರ್ನಾರ್ಡಿನೋ ಪ್ರಾಂತದ ಬಿಷಪ್ ಆಲ್ಬರ್ಟೋ ರೋಹಾಸರು, ವಲಸೆ ಅಧಿಕಾರಿಗಳು ಹಿಡಿದಾರೆಂಬ ಭಯವುಳ್ಳ ಭಕ್ತರು ಚರ್ಚಿಗೆ ಬಾರದಿದ್ದರೂ ದೋಷವಿಲ್ಲವೆಂದು ಅಪ್ಪಣೆ ಹೊರಡಿಸಿದರು. ಆ ಅಪ್ಪಣೆಗೆ ಅವರು ಮುಗಿಯುವ ದಿನವನ್ನು ಗೊತ್ತುಮಾಡಿರಲಿಲ್ಲ.