ಶ್ರೀಗಂಧವೂ ಅದರ ಒಡೆತನವೂ

“ರಸಾಯನಶಾಲೆಯೇ ಚಂದನದ ಪರಿಮಳವನ್ನು ಒದಗಿಸುತ್ತಿರುವಾಗ ಮರದ ಚಿಂತೆಯೇಕೆ?” ಎಂದು ವಾದಿಸುವವರುಂಟು. ಕೇಳುವುದಕ್ಕೆ ಯುಕ್ತವಾಗಿ ತೋರುವ ಈ ಮಾತು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಸುಗಂಧದ ಕಸುಬಿನಲ್ಲಿ ಗಂಧದೆಣ್ಣೆಯು ಹತ್ತರೊಡನೆ ಹನ್ನೊಂದನೆಯ ಪರಿಮಳವಲ್ಲ; ಉಳಿದ ಪರಿಮಳಗಳಿಗೆಲ್ಲ ಅದು ಆಶ್ರಯ. ಕನೌಜಿನ ಅತ್ತರುಗಾರರು ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಕೇದಗೆಯನ್ನೋ ಬೇಯಿಸಿ, ಅದರ ಆವಿಯನ್ನು ಗಂಧದೆಣ್ಣೆಯಿರುವ ಪಾತ್ರೆಗೆ ಇಳಿಸುವುದು ಪೂರ್ವದ ಪದ್ಧತಿ. ಕ್ಷಣದಲ್ಲಿ ಹಾರಿಹೋಗುವ ಹೂವಿನ ಕಂಪನ್ನು ಆ ಎಣ್ಣೆಯು ಹಿಡಿದು ನಿಲ್ಲಿಸುತ್ತದೆ. ಎಣ್ಣೆಯ ಬೆಲೆ ಏರಲು, ಅನೇಕರು ಅದರ ಸ್ಥಾನದಲ್ಲಿ ನಿರ್ಗಂಧವಾದ ದ್ರವ ಪ್ಯಾರಫಿನ್ನನ್ನು ಇಟ್ಟರು. ಹೂವಿನ ವಾಸನೆಯೇನೋ ಉಳಿಯಿತು, ಅತ್ತರು ಉಳಿಯಲಿಲ್ಲ. ತರ್ಪೆಂಟೈನಿನ ಮೂಲದಿಂದ ತಯಾರಾಗುವ ಕೃತಕ ಚಂದನಗಳು ಅಗ್ಗವೂ ತೀಕ್ಷ್ಣವೂ ಆಗಿರುವುದು ನಿಜ. ಆದರೆ ಅವು ಶ್ರೀಗಂಧದ ಒಂದು ಮುಖವನ್ನು ತೋರಿಸಬಲ್ಲವೇ ಹೊರತು ಅದರ ಪೂರ್ಣತೆಯನ್ನಲ್ಲ.

ಸುಗಂಧಗಾರರು ಮರವನ್ನು ತೊರೆದದ್ದು ಅದು ಸೋತಿತೆಂದಲ್ಲ, ದೊರೆಯದಾಯಿತೆಂದು. ಕಳ್ಳರನ್ನೂ ಸ್ಪೈಕ್ ರೋಗವನ್ನೂ ದೂರುವುದು ಸುಲಭ, ಅವೆರಡೂ ಸುಳ್ಳಲ್ಲ. ಆದರೆ ಮೂಲ ಬೇರೆ ಇದೆ. 1792ರಲ್ಲಿ ಟೀಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಆಳ್ವಿಕೆಗಳೂ ಆ ಹಕ್ಕನ್ನು ಬಿಡಲಿಲ್ಲ. ಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿರಲು, ಮೈಸೂರು ಸರ್ಕಾರವು 1916ರಲ್ಲಿ ತಾನೇ ಎಣ್ಣೆ ತೆಗೆಯಲಾರಂಭಿಸಿ ಲೋಕಪ್ರಸಿದ್ಧಿ ಪಡೆಯಿತು. ಎಣ್ಣೆಗೆ ಕೀರ್ತಿ ಬಂದಿತು. ಮರವಿದ್ದ ಹೊಲದ ರೈತನಿಗೆ ಒಡೆತನ ಬರಲಿಲ್ಲ. ಕಾವಲು ತನ್ನದು, ಮರ ಪರರದು ಎಂದಾದಮೇಲೆ ಸಸಿಯನ್ನು ಮೊಳಕೆಯಲ್ಲೇ ಕಿತ್ತವನನ್ನು ಮೂರ್ಖನೆನ್ನುವುದು ಹೇಗೆ?

2001ರ ಅರಣ್ಯ ಕಾಯಿದೆಯ ತಿದ್ದುಪಡಿಯು ಕರ್ನಾಟಕದಲ್ಲಿ ಮರವನ್ನು ಭೂಮಿಯ ಒಡೆಯನಿಗೆ ಕೊಟ್ಟಿತು. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರದಲ್ಲಿ ಇದೇ ಜಾತಿಯ ತೋಟಗಳು ಎದ್ದಿದ್ದವು.

ಎಣ್ಣೆ ಕೂಡುವುದು ಮರದ ಕೇಚಿನಲ್ಲಿ. ಕೇಚು ಬಲಿಯಲು ದಶಕಗಳು ಬೇಕು. ತಂದೆ ನೆಟ್ಟದ್ದನ್ನು ಮಗನು ಕೊಯ್ಯಬೇಕಾದ ಬೆಳೆಗೆ ನೀರಿಗಿಂತ ಮೊದಲು ನಂಬಿಕೆ ಬೇಕು. ಮಾರುವುದಕ್ಕೆ ನೇರವಾದ ದಾರಿ, ಕಳವಿನಿಂದ ರಕ್ಷಣೆ, ಸರ್ಕಾರ ಬದಲಾದರೂ ಬದಲಾಗದ ಕಾನೂನು—ಇವು ಮೂರೂ ದೊರೆಯದೆ ಒಡೆತನವು ಕಾಗದದ ಮಾತು. ಗಂಧದ ನಾಡೆಂಬ ಬಿರುದನ್ನು ಹೊತ್ತವರು ಸೀಸೆಯ ಮೇಲಿನ ಹೆಸರಿನಿಂದ ತೃಪ್ತರಾಗುವುದಾದರೆ, ಸೀಸೆಯೊಳಗೆ ಏನಿದೆಯೆಂದು ಕೇಳುವ ಅಧಿಕಾರವೂ ಅವರಿಗಿಲ್ಲ.